ತಂಪಿನ ಕಸುಬಿಗೆ ನಮ್ಮ ಹುಡುಗರನ್ನೇ ತಯಾರು ಮಾಡೋಣ
ವಿಶಾಖಪಟ್ಟಣ, ವಿಜಯವಾಡದ ಉದ್ಯಮ ಬಾಂಧವರ ಗಮನಕ್ಕೆ

ವಿಜಯವಾಡದ ಬೇಸಿಗೆಯ ಬಗ್ಗೆ ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಬೆಜವಾಡ ಎಂಬ ಊರಿನ ಹಳೆಯ ಹೆಸರನ್ನೇ ತಿರುಚಿ 'ಬ್ಲೇಜ್‌ವಾಡ' ಎಂದು ಕರೆದದ್ದುಂಟು. ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ಮುಟ್ಟುವ ದಿನಗಳಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು ನಾಲ್ಕೈದು ಗಂಟೆಯಲ್ಲೇ ಉಕ್ಕಿ ಹುಳಿಯಾಗುತ್ತದೆ. ಬೆಳಗಿನ ಹಾಲು ಮಧ್ಯಾಹ್ನಕ್ಕೆ ಕೈಕೊಡುತ್ತದೆ. ವಿಶಾಖಪಟ್ಟಣದಲ್ಲಿ ಬಿಸಿಲು ಅಷ್ಟು ಸುಡದೇ ಇರಬಹುದು, ಆದರೆ ಅಲ್ಲಿ ಸಮುದ್ರದ ಉಪ್ಪುಗಾಳಿ ಇದೆ. ಮಾಡಿನ ಮೇಲಿಟ್ಟ ಔಟ್‌ಡೋರ್ ಯೂನಿಟ್ಟಿನ ಕಾಯಿಲನ್ನು ಅದು ಸದ್ದಿಲ್ಲದೆ ತಿನ್ನುತ್ತಿರುತ್ತದೆ.

ಹೀಗಾಗಿ ಈ ಎರಡು ಊರುಗಳಲ್ಲಿ ಹೋಟೆಲು ನಡೆಸುವವರ ಕಷ್ಟ ಒಂದೇ. ಒಲೆ ಕೆಟ್ಟರೆ ಇನ್ನೊಂದು ಒಲೆ ಹಚ್ಚಬಹುದು. ಭಟ್ಟರು ರಜೆ ಹಾಕಿದರೆ ಮಾಲೀಕರೇ ಸಟ್ಟುಗ ಹಿಡಿಯಬಹುದು. ಡೀಪ್ ಫ್ರೀಜರ್ ಕೆಟ್ಟರೆ ಮಾತ್ರ ಮೆಕ್ಯಾನಿಕ್ ಬರುವ ತನಕ ಕೈಕಟ್ಟಿ ಕೂರಬೇಕು. ಬೇಸಿಗೆಯಲ್ಲಿ ಆತ ಫೋನ್ ಎತ್ತುವುದೇ ಅಪರೂಪ. ಎತ್ತಿದರೂ "ನಾಳೆ ಬರ್ತೀನಿ ಸಾರ್" ಎನ್ನುತ್ತಾನೆ. ಬಂದವನು ನಿಜವಾಗಿ ಕಲಿತವನೋ, ಯಾರದೋ ಹಿಂದೆ ಸಾಮಾನು ಹೊತ್ತು ನಾಲ್ಕು ತಿಂಗಳು ತಿರುಗಿದವನೋ ನಮಗೆ ತಿಳಿಯುವುದಿಲ್ಲ.

ಹೆಂಚು, ಗ್ರೈಂಡರು, ಬಾಯ್ಲರುಗಳ ಬಗ್ಗೆ ಈ ಪುಟಗಳಲ್ಲಿ ನಾವು ಆಗಾಗ ಬರೆಯುತ್ತೇವೆ. ಈ ಸಲ ಯಂತ್ರದ ಬದಲು ಆ ಯಂತ್ರವನ್ನು ಮುಟ್ಟುವ ಕೈಯ ಬಗ್ಗೆ ಬರೆಯುತ್ತಿದ್ದೇವೆ. ನಮ್ಮ ಸಲಹೆ ಇಷ್ಟೆ: ನಿಮ್ಮ ಹೋಟೆಲಿನ ಚುರುಕಾದ ಒಬ್ಬ ಹುಡುಗನನ್ನು ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ತರಬೇತಿಗೆ ಕಳುಹಿಸಿ. ಅದರಿಂದ ನಿಮಗೂ ಲಾಭ, ಅವನ ಬಾಳಿಗೂ ಒಂದು ದಾರಿ.

ಗ್ಯಾಸು ಬದಲಾಗಿದೆ, ಕೆಲಸ ಬದಲಾಗಿಲ್ಲ

ಕೆಲವು ವರ್ಷಗಳ ಹಿಂದಿನ ತನಕ ಎ.ಸಿ. ಎಂದರೆ ಆರ್-22 ಗ್ಯಾಸು, ಫ್ರಿಜ್ ಎಂದರೆ ಆರ್-12 ಅಥವಾ ಆರ್-134ಎ. ಒಂದೆರಡು ಬಗೆಯ ಸಿಲಿಂಡರ್ ಇದ್ದರೆ ಮೆಕ್ಯಾನಿಕ್ಕಿನ ಸಂಸಾರ ನಡೆಯುತ್ತಿತ್ತು. ಈಗ ಹಾಗಿಲ್ಲ. ಓಜೋನ್ ಪದರವನ್ನು ಕಾಪಾಡಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಆರ್-12 ಸೇರಿದ ಗುಂಪಿನ ಅನಿಲಗಳ ಬಳಕೆ 2010ರ ಹೊತ್ತಿಗೆ ನಿಂತಿತು. ಆರ್-22 ಹಾಕಿ ಹೊಸ ಯಂತ್ರ ತಯಾರಿಸುವುದಕ್ಕೆ 2025ರ ಜನವರಿ 1ರಿಂದ ತಡೆ ಬಿದ್ದಿದೆ. ಹಳೆಯ ಯಂತ್ರಗಳ ರಿಪೇರಿಗೆ ಅದು ಇನ್ನೂ ಕೆಲವು ವರ್ಷ ಸಿಗುತ್ತದೆ. ಆದರೆ ವರ್ಷ ಹೋದಂತೆ ಕಡಿಮೆಯಾಗುವ ಸರಕು ಅಗ್ಗವಾಗುವುದಿಲ್ಲ ಎಂಬುದು ವ್ಯಾಪಾರಸ್ಥರಾದ ನಮಗೆ ಗೊತ್ತಿದ್ದದ್ದೇ.

ಇದರ ಜಾಗಕ್ಕೆ ಬಂದವು ಆರ್-410ಎ, ಆರ್-32, ಆರ್-290, ಆರ್-600ಎ. ಮಾಲೀಕರು ತಿಳಿದಿರಬೇಕಾದ ವಿಷಯ ಇಲ್ಲಿದೆ. ಆರ್-410ಎ ಗ್ಯಾಸಿನ ಒತ್ತಡ ಆರ್-22ರ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು. ಹಳೆಯ ಗೇಜು, ಹಳೆಯ ಪೈಪು ಅದನ್ನು ತಡೆಯಲಾರವು. ಈಗಿನ ಹೆಚ್ಚಿನ ಸ್ಪ್ಲಿಟ್ ಎ.ಸಿ.ಗಳಲ್ಲಿರುವ ಆರ್-32 ನಿಧಾನವಾಗಿಯಾದರೂ ಬೆಂಕಿ ಹಿಡಿಯುವ ಗ್ಯಾಸು. ಆರ್-290 ಎಂದರೆ ಬೇರೇನೂ ಅಲ್ಲ, ಪ್ರೊಪೇನ್. ಆರ್-600ಎ ಎಂದರೆ ಐಸೋಬ್ಯೂಟೇನ್. ಇವೆರಡೂ ನಮ್ಮ ಎಲ್‌ಪಿಜಿ ಸಿಲಿಂಡರಿನ ಗ್ಯಾಸಿಗೆ ಹತ್ತಿರದ ಸಂಬಂಧಿಗಳು. ತಂಪು ಪಾನೀಯದ ಗಾಜಿನ ಬಾಗಿಲಿನ ಕೂಲರಿನಲ್ಲಿ, ಮನೆಯ ಫ್ರಿಜ್ಜಿನಲ್ಲಿ ಇವು ಇವೆ. ಯಂತ್ರದೊಳಗೆ ಇರುವಷ್ಟು ಹೊತ್ತು ಭಯವಿಲ್ಲ. ಆದರೆ ಗ್ಯಾಸು ತುಂಬಿರುವ ಪೈಪಿಗೇ ಗ್ಯಾಸ್ ಕಟರ್ ಹಿಡಿಯುವವನು, ಆರ್-22ರ ಹಳೆಯ ಯಂತ್ರಕ್ಕೆ ಆರ್-290 ತುಂಬಿ "ತಂಪು ಚೆನ್ನಾಗಿ ಬರುತ್ತೆ, ಖರ್ಚೂ ಕಡಿಮೆ" ಎನ್ನುವವನು ನಮ್ಮ ಅಡುಗೆಮನೆಯ ಪಕ್ಕದಲ್ಲಿ ಬಾಂಬ್ ಇಟ್ಟು ಹೋದಂತೆ. ಹತ್ತು ಹೆಜ್ಜೆ ಆಚೆ ಒಲೆ ಉರಿಯುತ್ತಿರುತ್ತದೆ.

ಇನ್ನೊಂದು ಅಪಾಯದ ಪದ್ಧತಿಯನ್ನೂ ಹೇಳಲೇಬೇಕು. ಲೀಕ್ ಪತ್ತೆ ಮಾಡಲು ಕೆಲವರು ವೆಲ್ಡಿಂಗಿಗೆ ತಂದ ಆಕ್ಸಿಜನ್ ಸಿಲಿಂಡರನ್ನೇ ಪೈಪಿಗೆ ತೆರೆಯುತ್ತಾರೆ. ಕಂಪ್ರೆಸರಿನೊಳಗೆ ಎಣ್ಣೆ ಇರುತ್ತದೆ. ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಸಿಡಿಯುತ್ತದೆ. ಈ ಕೆಲಸಕ್ಕೆ ಒಣ ನೈಟ್ರೋಜನ್ ಮಾತ್ರ ಬಳಸಬೇಕು. ಸರಿಯಾದ ತರಬೇತಿಯಲ್ಲಿ ಇದನ್ನು ಮೊದಲೇ ತಲೆಗೆ ಹಾಕುತ್ತಾರೆ. ಬೀದಿಯಲ್ಲಿ ನೋಡಿ ಕಲಿತವನಿಗೆ ಹೇಳಿಕೊಡುವವರು ಯಾರು?

ಇನ್ನು ನಮ್ಮ ಜೇಬಿಗೆ ಕತ್ತರಿ ಬೀಳುವ ಬಗೆ. ಗ್ಯಾಸು ತುಂಬುವ ಮೊದಲು ವ್ಯಾಕ್ಯೂಮ್ ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವವನ್ನೆಲ್ಲ ಹೊರಗೆ ಎಳೆಯಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಅನೇಕರು ಸ್ವಲ್ಪ ಗ್ಯಾಸು ಬಿಟ್ಟು 'ಗಾಳಿ ತೆಗೆದೆ' ಎನ್ನುತ್ತಾರೆ. ಉಳಿದ ತೇವ ಕ್ಯಾಪಿಲರಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಎಣ್ಣೆಯನ್ನು ಹುಳಿ ಮಾಡುತ್ತದೆ, ಕೊನೆಗೆ ಕಂಪ್ರೆಸರಿನ ವೈಂಡಿಂಗ್ ಸುಡುತ್ತದೆ. ವರ್ಷಕ್ಕೆ ಎರಡು ಸಲ ಗ್ಯಾಸು ಹಾಕಿಸುತ್ತಿದ್ದೇವೆ ಎನ್ನುವ ಸದಸ್ಯರು ಒಂದು ಮಾತು ನೆನಪಿಡಬೇಕು. ಗ್ಯಾಸು ಗಾಡಿಯ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರುವ ಕೊಡಕ್ಕೆ ನೀರು ತುಂಬಿಸಿದವನಿಗೆ ಕೂಲಿ ಕೊಟ್ಟಂತಾಯಿತು ನಮ್ಮ ಕಥೆ.

ತಂಪು ತಪ್ಪಿದರೆ ಏನಾದೀತು

ನಮ್ಮಲ್ಲಿ ತಂಪು ತಪ್ಪಿದರೆ ಹಾಲು ಒಡೆಯುತ್ತದೆ, ಪನೀರು ಹಾಳಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಹಾಳಾದದ್ದು ಕಣ್ಣಿಗೆ ಕಾಣದೆ ಗಿರಾಕಿಯ ಎಲೆಗೆ ಹೋಗುವುದು. 5 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇಟ್ಟ ಆಹಾರದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅದಕ್ಕೇ ತಣ್ಣಗಿಡುವ ಪದಾರ್ಥ 5 ಡಿಗ್ರಿಯ ಒಳಗೆ, ಹೆಪ್ಪುಗಟ್ಟಿಸಿದ್ದು ಮೈನಸ್ 18ರಲ್ಲಿ ಇರಬೇಕೆಂದು ಆಹಾರ ಸುರಕ್ಷತೆಯ ನಿಯಮ ಹೇಳುವುದು. ಫ್ರಿಜ್ಜಿನ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗೆ 5 ಡಿಗ್ರಿ ಇದೆ ಎಂದು ತಿಳಿಯಬಾರದು.

ತಂಪಿನ ವ್ಯವಸ್ಥೆಯನ್ನು ಹಗುರವಾಗಿ ಕಂಡರೆ ಎಷ್ಟು ದೊಡ್ಡ ಬೆಲೆ ತೆರಬೇಕಾದೀತು ಎಂಬುದನ್ನು ವಿಶಾಖಪಟ್ಟಣ ಬೇರೊಂದು ಉದ್ಯಮದಲ್ಲಿ ಕಂಡಿದೆ. 2020ರ ಮೇ 7ರ ನಸುಕಿನಲ್ಲಿ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಅನಿಲ ಹೊರಬಿದ್ದು 12 ಜನ ಪ್ರಾಣ ಬಿಟ್ಟರು. ನೂರಾರು ಜನ ಆಸ್ಪತ್ರೆ ಸೇರಿದರು. ತಣ್ಣಗಿರಬೇಕಾದ ಟ್ಯಾಂಕಿನಲ್ಲಿ ತಾಪ ಏರಿತ್ತು. ತಂಪಿಡುವ ವ್ಯವಸ್ಥೆಯನ್ನು ಸರಿಯಾಗಿ ನಡೆಸದೆ ಇದ್ದದ್ದೂ ದುರಂತಕ್ಕೆ ಒಂದು ಕಾರಣವೆಂದು ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ವರದಿ ಕೊಟ್ಟಿತು. ಕಾರ್ಖಾನೆಯ ಟ್ಯಾಂಕಿಗೂ ನಮ್ಮ ಫ್ರೀಜರಿಗೂ ಅಜಗಜಾಂತರ. ಆದರೂ ತಂಪಿನ ಯಂತ್ರಕ್ಕೆ ತಿಳಿದವನ ಕಣ್ಣಿನ ಕಾವಲು ಬೇಕು ಎಂಬ ಪಾಠ ಎರಡಕ್ಕೂ ಒಂದೇ.

ಪ್ರಕೃತಿಯ ಹೊಡೆತವೂ ಈ ಊರುಗಳಿಗೆ ಹೊಸದಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ದಿನಗಟ್ಟಲೆ ಕರೆಂಟ್ ಇರಲಿಲ್ಲ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರದ ಕಡೆಯ ಬಡಾವಣೆಗಳು ಮುಳುಗಿದವು. ನೀರು ಹೊಕ್ಕ ಫ್ರಿಜ್ಜಿಗೆ, ಎ.ಸಿ.ಗೆ ಒಣಗಿಸಿ ಪರೀಕ್ಷೆ ಮಾಡುವ ಮೊದಲೇ ಕರೆಂಟ್ ಕೊಟ್ಟರೆ ಯಂತ್ರವೂ ಹೋಗುತ್ತದೆ, ಮುಟ್ಟಿದವರಿಗೂ ಅಪಾಯ. ಇಂಥ ಹೊತ್ತಿನಲ್ಲಿ ಊರಿನ ಮೆಕ್ಯಾನಿಕ್ಕುಗಳೆಲ್ಲ ಒಂದೇ ಸಲ ಎಲ್ಲರಿಗೂ ಬೇಕಾಗುತ್ತಾರೆ. ಆಗ ಬಲ್ಲವನೊಬ್ಬ ನಮ್ಮ ಮನೆಯೊಳಗೇ ಇದ್ದರೆ ಅದರ ಬೆಲೆ ಕಟ್ಟಲಾಗದು.

ಎಲ್ಲಿ ಕಲಿಯಬಹುದು

ಮೊದಲ ದಾರಿ ಐ.ಟಿ.ಐ. 1950ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಲ್ಲಿ 'ರೆಫ್ರಿಜರೇಶನ್ ಅಂಡ್ ಏರ್ ಕಂಡೀಷನಿಂಗ್ ಟೆಕ್ನಿಷಿಯನ್' ಎಂಬ ಎರಡು ವರ್ಷದ ಟ್ರೇಡ್ ಇದೆ. ವಿಜ್ಞಾನ, ಗಣಿತ ಓದಿ ಹತ್ತನೇ ತರಗತಿ ಪಾಸಾಗಿರಬೇಕು. ಫಿಟ್ಟಿಂಗ್, ತಗಡಿನ ಕೆಲಸ, ಬ್ರೇಜಿಂಗ್, ವಿದ್ಯುತ್ತಿನ ಮೂಲಪಾಠದಿಂದ ಆರಂಭಿಸಿ ಫ್ರಿಜ್, ಸ್ಪ್ಲಿಟ್ ಎ.ಸಿ., ನಂತರ ನಮಗೆ ಬೇಕಾದ ಡೀಪ್ ಫ್ರೀಜರ್, ವಾಟರ್ ಕೂಲರ್, ಐಸ್ ಯಂತ್ರ, ವಾಕ್-ಇನ್ ಕೂಲರ್, ಕೋಲ್ಡ್ ಸ್ಟೋರೇಜ್, ಸೆಂಟ್ರಲ್ ಎ.ಸಿ. ತನಕ ಕಲಿಸುತ್ತಾರೆ. ಪಾಸಾದವರಿಗೆ ದೇಶದೆಲ್ಲೆಡೆ ನಡೆಯುವ ಸರ್ಟಿಫಿಕೇಟ್ ಸಿಗುತ್ತದೆ. ವಿಶಾಖಪಟ್ಟಣದ ಕಂಚರಪಾಲೆಂನಲ್ಲಿ ಮತ್ತು ವಿಜಯವಾಡ ನಗರದಲ್ಲಿ ಸರ್ಕಾರಿ ಐ.ಟಿ.ಐ.ಗಳಿವೆ. ಖಾಸಗಿಯವೂ ಇವೆ. ಯಾವುದರಲ್ಲಿ ಈ ಟ್ರೇಡಿಗೆ ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಪ್ರವೇಶ ಪ್ರಕಟಣೆ ನೋಡಿ ಖಚಿತ ಮಾಡಿಕೊಳ್ಳಿ. ಬೇರೆ ರಾಜ್ಯದ ಮಾರ್ಕ್ಸ್ ಕಾರ್ಡ್ ಇರುವ ಹುಡುಗನಾದರೆ ಸ್ಥಳೀಯತೆಯ ನಿಯಮವನ್ನೂ ಮೊದಲೇ ಕೇಳಿ.

ಎರಡನೆಯದು ಅಲ್ಪಾವಧಿಯ ಕೋರ್ಸು. ಆಂಧ್ರಪ್ರದೇಶ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಮೂಲಕ, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಮೂಲಕ ಎ.ಸಿ. ಫೀಲ್ಡ್ ಟೆಕ್ನಿಷಿಯನ್ ಮುಂತಾದ ತರಬೇತಿಗಳು ನಡೆದಿವೆ. ಆಗಲೇ ಕೆಲಸ ಮಾಡುತ್ತಿರುವ ಅನುಭವಿಗಳ ಕೌಶಲ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಪದ್ಧತಿಯೂ ಈ ಯೋಜನೆಯಲ್ಲಿ ಬಂತು. 2019ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾರತ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ಸರ್ವಿಸ್ ಟೆಕ್ನಿಷಿಯನ್ನರಿಗೆ ತರಬೇತಿ, ಸರ್ಟಿಫಿಕೇಟ್ ಕೊಡುವ ಗುರಿ ಇಟ್ಟುಕೊಂಡಿತ್ತು. ಈ ಕೈಗಳ ಕೊರತೆ ಸರ್ಕಾರಕ್ಕೂ ತಟ್ಟಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಮೂರನೆಯ ದಾರಿಯನ್ನು ಹೇಳುವಾಗ ನಮಗೆ ಸ್ವಲ್ಪ ಹೆಮ್ಮೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕಿನ ಜೊತೆ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಊಟ, ವಸತಿ, ಪಾಠ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಸಾಲ ಸಿಗುವ ತನಕ ಬೆನ್ನಿಗೆ ನಿಲ್ಲುವ ಪದ್ಧತಿ. ಈ ಮಾದರಿಯನ್ನೇ ಕೇಂದ್ರ ಸರ್ಕಾರ ಒಪ್ಪಿ ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆ ಜಿಲ್ಲೆಗೂ 'ಆರ್‌ಸೆಟಿ' ಹೆಸರಿನಲ್ಲಿ ಹಬ್ಬಿಸಿತು. ಆಂಧ್ರದ ವೇಟಪಾಲೆಂ, ಅನಂತಪುರಗಳಲ್ಲಿ ರುಡ್‌ಸೆಟ್‌ನ ಶಾಖೆಗಳೇ ಇವೆ. ಗ್ರಾಮೀಣ ಯುವಕರಿಗೆಂದೇ ಇರುವ ಈ ಸಂಸ್ಥೆಗಳ ಕೋರ್ಸುಗಳಲ್ಲಿ ಸುಮಾರು ಒಂದು ತಿಂಗಳ ಫ್ರಿಜ್, ಎ.ಸಿ. ದುರಸ್ತಿಯೂ ಸೇರಿದೆ. ನಮ್ಮಲ್ಲಿರುವ ಹುಡುಗರಲ್ಲಿ ಹೆಚ್ಚಿನವರು ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯವರು. ತೆಲುಗು, ಇಂಗ್ಲಿಷಿನಲ್ಲಿ ಪಾಠ ಕಷ್ಟ ಎನ್ನುವವನು ಊರಿಗೆ ಹೋದಾಗ ಉಜಿರೆಯಲ್ಲೋ ಬ್ರಹ್ಮಾವರದಲ್ಲೋ ವಿಚಾರಿಸಿ, ಬ್ಯಾಚ್ ಇದ್ದಾಗ ಕನ್ನಡದಲ್ಲೇ ಕಲಿತು ಬರಬಹುದು. ಒಂದು ತಿಂಗಳಲ್ಲಿ ಪಂಡಿತನಾಗುವುದಿಲ್ಲ ನಿಜ. ಆದರೆ ಏನು ಮಾಡಬೇಕು, ಏನು ಮುಟ್ಟಬಾರದು ಎಂಬುದು ತಿಳಿಯುತ್ತದೆ. ಹಾಗೆ ನೋಡಿದರೆ ತೆಲುಗೂ ದೊಡ್ಡ ಅಡ್ಡಿಯಲ್ಲ. ಸಪ್ಲೈ ಮಾಡುತ್ತಲೇ ಮಾತು ಕಲಿತ ಹುಡುಗನಿಗೆ ಲಿಪಿ ಒಂದೆರಡು ತಿಂಗಳ ಕೆಲಸ. ಎರಡೂ ಒಂದೇ ತಾಯಿಯ ಮಕ್ಕಳಂತಿರುವ ಅಕ್ಷರಗಳು.

ನಾಲ್ಕನೆಯದು ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಗಳಿಗೆ ಮಾತ್ರ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. 2019ರ ತಿದ್ದುಪಡಿಯಾದ ನಿಯಮದಂತೆ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿದ್ದರೆ ಐಚ್ಛಿಕ. ಐ.ಟಿ.ಐ. ಮುಗಿಸಿದ ಹುಡುಗನನ್ನು ಹೀಗೆ ಸೇರಿಸಿಕೊಂಡರೆ 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಲಾಡ್ಜಿಂಗ್, ಎ.ಸಿ. ಹಾಲ್, ಪಾರ್ಟಿ ಹಾಲ್ ಇರುವ ಸದಸ್ಯರು ತಮ್ಮ ಲೆಕ್ಕಪರಿಶೋಧಕರ ಬಳಿ ಈ ಬಗ್ಗೆ ಒಮ್ಮೆ ಮಾತಾಡಲಿ.

ಕಲಿತವನು ಬಿಟ್ಟು ಹೋದರೆ?

ಈ ಪ್ರಶ್ನೆ ಬಂದೇ ಬರುತ್ತದೆ. "ನಮ್ಮ ಖರ್ಚಿನಲ್ಲಿ ಕಲಿತು ನಾಳೆ ಗಲ್ಫಿಗೆ ಹಾರಿದರೆ?" ಹಾರಬಹುದು. ವಿಶಾಖಪಟ್ಟಣದಲ್ಲಿ ಬಂದರು, ಉಕ್ಕಿನ ಕಾರ್ಖಾನೆ, ಹಡಗುಕಟ್ಟೆ, ಮೀನು–ಸಿಗಡಿ ಹೆಪ್ಪುಗಟ್ಟಿಸುವ ಘಟಕಗಳಿವೆ. ವಿಜಯವಾಡದ ಸುತ್ತ ಡೇರಿಗಳು, ಗುಂಟೂರಿನ ಕಡೆ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜುಗಳಿವೆ. ಶ್ರೀಸಿಟಿಯಲ್ಲಿ ಎ.ಸಿ. ತಯಾರಿಸುವ ದೊಡ್ಡ ಕಾರ್ಖಾನೆಗಳೇ ಎದ್ದಿವೆ. ಕೈಕಸುಬು ಗೊತ್ತಿದ್ದವನನ್ನು ಕರೆಯುವವರು ಬಹಳ.

ಆದರೆ ನಾವು ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಹದಿನೆಂಟು ತುಂಬಿ ನಮ್ಮಲ್ಲಿಗೆ ಬಂದ ಹುಡುಗ ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಮೂವತ್ತೈದಕ್ಕೂ ಸಪ್ಲೈಯರ್ ಆಗಿಯೇ ಉಳಿದರೆ ಅವನ ಬಾಳು ಏನಾಯಿತು? ಎಲ್ಲರೂ ಭಟ್ಟರಾಗಲಾರರು, ಎಲ್ಲರಿಗೂ ಸ್ವಂತ ಹೋಟೆಲು ಹಾಕುವ ಬಂಡವಾಳ ಕೂಡದು. ಈಗ ನಮ್ಮ ಊರುಗಳಿಂದ ಹುಡುಗರು ಹೋಟೆಲು ಕೆಲಸಕ್ಕೆ ಬರುವುದೇ ಕಡಿಮೆಯಾಗಿದೆ ಎಂದು ನಾವೆಲ್ಲ ಗೊಣಗುತ್ತೇವೆ. ಇಲ್ಲಿಗೆ ಬಂದರೆ ಒಂದು ವಿದ್ಯೆ ಕೈಗೆ ಹತ್ತುತ್ತದೆ ಎಂಬ ಮಾತು ಊರಲ್ಲಿ ಹಬ್ಬಿದರೆ ಆ ಗೊಣಗಾಟಕ್ಕೂ ಪರಿಹಾರ ಸಿಕ್ಕೀತು.

ಇದು ನಮ್ಮ ಉದ್ಯಮಕ್ಕೆ ಹೊಸ ಸಂಪ್ರದಾಯವೂ ಅಲ್ಲ. ಮುಂಬಯಿಯಲ್ಲಿ ನಮ್ಮ ಹಿರಿಯರು ಹೋಟೆಲಿನ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು, ನಡೆಸುವವರಿಗೆ ಕೈಜೋಡಿಸಿದರು. ಹಗಲು ಟೇಬಲ್ ಒರೆಸಿ, ರಾತ್ರಿ ಪಾಠ ಕಲಿತ ಹುಡುಗರು ಮುಂದೆ ಗುಮಾಸ್ತರಾದರು, ವಕೀಲರಾದರು, ಎಷ್ಟೋ ಮಂದಿ ದೊಡ್ಡ ಹೋಟೆಲುಗಳ ಒಡೆಯರಾದರು. ಹುಡುಗರು ಓದಿದರೆ ಬಿಟ್ಟು ಹೋಗುತ್ತಾರೆಂದು ಆ ಮಾಲೀಕರು ಶಾಲೆಯ ಬಾಗಿಲು ಮುಚ್ಚಲಿಲ್ಲ. ಅಂದು ಅಕ್ಷರ ಕೊಟ್ಟರು, ಇಂದು ನಾವು ಕಸುಬು ಕೊಡೋಣ.

ವ್ಯವಹಾರದ ಮಾತಿಗೂ ಬರೋಣ. ಒಬ್ಬನೇ ಮಾಲೀಕರಿಗೆ ಭಾರವೆನಿಸಿದರೆ ಹತ್ತಿರದ ಐದಾರು ಹೋಟೆಲಿನವರು ಸೇರಿ ಒಬ್ಬನನ್ನು ಓದಿಸಬಹುದು. ಕಲಿತು ಬಂದವನಿಗೆ ವ್ಯಾಕ್ಯೂಮ್ ಪಂಪು, ಗೇಜು, ನೈಟ್ರೋಜನ್ ಸಿಲಿಂಡರ್, ತೂಕದ ಯಂತ್ರ ಕೊಡಿಸಿ, ಆ ಐದಾರು ಹೋಟೆಲಿನ ತಿಂಗಳ ಸರ್ವಿಸ್ ಗುತ್ತಿಗೆಯನ್ನು ಅವನಿಗೇ ವಹಿಸಬಹುದು. ಅವನು ಸಂಬಳದ ಆಳಾಗಿ ಉಳಿಯುವುದಿಲ್ಲ, ಸ್ವಂತ ಕಸುಬುದಾರನಾಗುತ್ತಾನೆ. ಆದರೆ ನಮ್ಮ ಫೋನ್ ಬಂದರೆ ಮೊದಲು ಎತ್ತುತ್ತಾನೆ. ನಮಗೆ ಬೇಕಾದ್ದು ಅದೇ ತಾನೆ?

ಅಷ್ಟರ ತನಕ ಮಾಲೀಕರು ನೋಡಿಕೊಳ್ಳಬೇಕಾದ್ದು

ಹುಡುಗ ಕಲಿತು ಬರುವ ತನಕ ಹೊರಗಿನ ಮೆಕ್ಯಾನಿಕ್ಕೇ ಗತಿ. ಅವರು ಬಂದಾಗ ಮಾಲೀಕರು ಅಥವಾ ಮ್ಯಾನೇಜರ್ ಇಷ್ಟನ್ನು ಕೇಳಲಿ:

1. ಈ ಯಂತ್ರದಲ್ಲಿ ಯಾವ ಗ್ಯಾಸು ಇದೆ, ನೀವು ಯಾವುದನ್ನು ತುಂಬುತ್ತೀರಿ? ಹೆಸರು ಯಂತ್ರದ ಪಟ್ಟಿಯ ಮೇಲೆ ಬರೆದಿರುತ್ತದೆ, ಎರಡೂ ಒಂದೇ ಇರಬೇಕು.
2. ಲೀಕ್ ಎಲ್ಲಿ ಸಿಕ್ಕಿತು? ಜಾಗ ತೋರಿಸದೆ ಗ್ಯಾಸು ತುಂಬುವುದು ಬೇಡ.
3. ಪರೀಕ್ಷೆಗೆ ನೈಟ್ರೋಜನ್ ತಂದಿದ್ದೀರಾ?
4. ವ್ಯಾಕ್ಯೂಮ್ ಪಂಪು ಎಲ್ಲಿ?
5. ಗ್ಯಾಸು ತೂಕ ಮಾಡಿ ಹಾಕುತ್ತೀರಾ, ಅಂದಾಜಿನಲ್ಲೇ?
6. ಬೆಂಕಿ ಹಿಡಿಯುವ ಗ್ಯಾಸಾದರೆ ಹತ್ತಿರದ ಒಲೆ ಆರಿಸಿ, ಕಿಟಕಿ ತೆರೆದು ಕೆಲಸ ಮಾಡುತ್ತೀರಾ?

ಮೆಕ್ಯಾನಿಕ್ ಬೇಡದ ಕೆಲಸಗಳೂ ಕೆಲವಿವೆ. ಅಡುಗೆಮನೆಯ ಎಣ್ಣೆಯ ಜಿಡ್ಡು ಕಂಡೆನ್ಸರಿಗೆ ಮೆತ್ತಿದರೆ ಬಿಸಿ ಹೊರಹೋಗದೆ ಕಂಪ್ರೆಸರ್ ದುಡಿದು ಸೋಲುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಮೇನ್ ಸ್ವಿಚ್ ಆರಿಸಿ, ತಿಂಗಳಿಗೊಮ್ಮೆ ಮೆತ್ತನೆಯ ಬ್ರಶ್ಶಿನಿಂದ ಅದನ್ನು ಉಜ್ಜಿಸಿ. ವಿಶಾಖಪಟ್ಟಣದವರು ಕಡಲ ಕಡೆ ಮುಖಮಾಡಿದ ಔಟ್‌ಡೋರ್ ಯೂನಿಟ್ಟನ್ನು ಸಿಹಿನೀರಿನಿಂದ ತೊಳೆಸುತ್ತಿರಲಿ. ಬಾಗಿಲಿನ ರಬ್ಬರ್ ಹರಿದಿದ್ದರೆ ಇಂದೇ ಬದಲಿಸಿ. ಬಿಸಿ ಸಾಂಬಾರಿನ ಪಾತ್ರೆಯನ್ನು ನೇರ ಫ್ರಿಜ್ಜಿಗೆ ತಳ್ಳದೆ ಸಣ್ಣ ಪಾತ್ರೆಗಳಿಗೆ ಹಂಚಿ, ನೀರಿನಲ್ಲಿಟ್ಟು ಬೇಗ ಆರಿಸಿ ಒಳಗಿಡಿ. ಒಳಗೊಂದು ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ಸಂಜೆ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಒಬ್ಬನಿಗೆ ವಹಿಸಿ. ಆ ಪುಸ್ತಕವನ್ನು ತಪ್ಪದೆ ಬರೆಯುವ ಹುಡುಗ ಯಾರೆಂದು ಎರಡು ತಿಂಗಳು ಗಮನಿಸಿದರೆ, ತರಬೇತಿಗೆ ಯಾರನ್ನು ಕಳುಹಿಸಬೇಕು ಎಂಬ ಪ್ರಶ್ನೆಗೆ ನಿಮಗೇ ಉತ್ತರ ಸಿಗುತ್ತದೆ.

ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ಐ.ಟಿ.ಐ. ಪ್ರವೇಶದ ಪ್ರಕಟಣೆಗಳು ಹೊರಡುತ್ತವೆ. ಅಷ್ಟರೊಳಗೆ ನಿಮ್ಮ ಸಿಬ್ಬಂದಿಯಲ್ಲಿ ಹತ್ತನೇ ತರಗತಿ ಮುಗಿಸಿದವರು ಎಷ್ಟು ಮಂದಿ, ಯಾರ ಬಳಿ ಮಾರ್ಕ್ಸ್ ಕಾರ್ಡ್ ಇದೆ ಎಂದು ಒಮ್ಮೆ ಕರೆದು ಕೇಳಿ. ಮನಸ್ಸಿದ್ದವನಿಗೆ ದಾರಿ ತೋರಿಸಿ. ಕೈಗೆ ಕಸುಬು ಕೊಟ್ಟ ಯಜಮಾನರನ್ನು ಆ ಹುಡುಗನೂ ಮರೆಯುವುದಿಲ್ಲ, ಅವನ ಮನೆಯವರೂ ಮರೆಯುವುದಿಲ್ಲ.